ನೆರೆ ಮತ್ತು ನೆಲೆ: ಮಲಪ್ರಭಾ ತೀರದ ಊರುಗಳ ಸ್ಥಳಾಂತರ

ಮಲಪ್ರಭಾ ನದಿ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನ ಕೆಳಗೆ ಇದರ ಇಕ್ಕೆಲಗಳಲ್ಲಿರುವ ರಾಮದುರ್ಗ, ನರಗುಂದ, ರೋಣ, ಬಾದಾಮಿ ಭಾಗದ ಹಲವು ಊರುಗಳು 2009 ಮತ್ತು 2019ರ ನೆರೆಗಳ ನಂತರ ಎರಡಾಗಿವೆ: ಹೊಳೆದಂಡೆಯ ಹಳೇ ಊರು, ಎತ್ತರದ ಹೊಸ ಊರು.

2009ರ ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಉತ್ತರ ಕರ್ನಾಟಕದ ಒಣ ಜಿಲ್ಲೆಗಳ ಮೇಲೆ ಹಲವು ದಿನ ಬಿಡದೆ ಮಳೆ ಸುರಿಯಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಹೊಳೆ ನುಗ್ಗದ ಓಣಿಗಳಲ್ಲೂ ಮನೆಗಳು ಬಿದ್ದವು. ಬಿಸಿಲುನಾಡಿಗೆ ಹೇಳಿ ಮಾಡಿಸಿದಂತಿದ್ದ ದಪ್ಪ ಮಣ್ಣಿನ ಗೋಡೆ, ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ ನೀರು ಕುಡಿದು ಭಾರ ತಾಳಲಾರದೆ ಕುಸಿದವು.

ಸರ್ಕಾರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವು ಪಡೆದು ಎತ್ತರದ ಜಾಗಗಳಲ್ಲಿ ಮನೆಗಳನ್ನು ಕಟ್ಟಿಸಿತು. ಅವುಗಳಲ್ಲಿ ಎಷ್ಟೋ ಮನೆಗಳು ವರ್ಷಗಟ್ಟಲೆ ಖಾಲಿ ಉಳಿದವು. ಇದನ್ನು ಹಳ್ಳಿಗರ ಹಟವೆಂದು ತಳ್ಳಿಹಾಕುವುದು ಅನ್ಯಾಯ. ಕಾರಣ ಮನೆಯೊಳಗೇ ಇತ್ತು. ಈ ಸೀಮೆಯ ಹಳೆಯ ಮನೆಯಲ್ಲಿ ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ದನಗಳ ಜಾಗ. ಅಲ್ಲಿಯೇ ಮೇವು ಹಾಕುವ ಗ್ವಾದಲಿ, ಅಲ್ಲಿಂದ ಒಂದು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಅಡುಗೆಮನೆ. ರಾತ್ರಿ ಎತ್ತು ಕೆಮ್ಮಿದರೂ ಯಜಮಾನನಿಗೆ ಎಚ್ಚರವಾಗುತ್ತದೆ. ಎರಡು ಕೋಣೆಯ ಆರ್‌ಸಿಸಿ ಮನೆಯಲ್ಲಿ ಎತ್ತು ಕಟ್ಟುವುದೆಲ್ಲಿ, ಬಣವೆ ಒಟ್ಟುವುದೆಲ್ಲಿ, ಜೋಳದ ಚೀಲ ಇಡುವುದೆಲ್ಲಿ? ಹೊಲವಿರುವುದು ಹೊಳೆಸಾಲಿನ ಎರೆ ಭೂಮಿಯಲ್ಲಿ. ಹೊಸ ಊರಿನಿಂದ ಅದು ದೂರ. ಕುಡಿಯುವ ನೀರು, ರಸ್ತೆ, ಹಕ್ಕುಪತ್ರಗಳು ತಡವಾದ ಕಡೆ ಹಿಂದೇಟು ಇನ್ನಷ್ಟು ಬಲವಾಯಿತು.

ಅಣೆಕಟ್ಟಿನ ಹಿನ್ನೀರಿಗೂ ನೆರೆಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಆಲಮಟ್ಟಿ ಹಿನ್ನೀರು ಬಾಗಲಕೋಟೆಯ ತಗ್ಗು ಭಾಗಗಳನ್ನು ಶಾಶ್ವತವಾಗಿ ನುಂಗಿತು. ಅಲ್ಲಿಯ ಜನರಿಗೆ ಹಿಂತಿರುಗುವ ದಾರಿ ಇರಲಿಲ್ಲ, ಅವರಿಗಾಗಿ ಕಟ್ಟಿದ ನವನಗರ ಬೆಳೆಯಿತು. ನೆರೆ ಹಾಗಲ್ಲ, ಕೆಲವೇ ದಿನಗಳಲ್ಲಿ ಇಳಿಯುತ್ತದೆ. ರಾಡಿ ಬಳಿದು, ಗೋಡೆಗೆ ಸುಣ್ಣ ಹಚ್ಚಿದರೆ ಮನೆ ಮತ್ತೆ ಮನೆಯಾಗುತ್ತದೆ. ಮುಂದಿನ ಹಲವು ವರ್ಷ ಬರಗಾಲದ್ದೇ ಚಿಂತೆಯಾದರೆ ನೀರಿನ ಭಯ ಮಾಸುತ್ತದೆ. ಜೊತೆಗೆ, ನವಿಲುತೀರ್ಥ ಅಣೆಕಟ್ಟಿನ ಕೆಳಗೆ ಹೊಳೆ ಬಹುಕಾಲ ಬತ್ತಿರುವುದರಿಂದ ಪಾತ್ರದೊಳಕ್ಕೇ ಉಳುಮೆ ಚಾಚಿ, ನೀರು ಹರಿಯಬೇಕಾದ ದಾರಿ ಕಿರಿದಾಗಿದೆ.

2019ರ ಆಗಸ್ಟ್‌ನಲ್ಲಿ ನೀರು ಬಂದದ್ದು ಮೇಲಿನಿಂದ. ಪಶ್ಚಿಮ ಘಟ್ಟದಲ್ಲಿ ಭಾರೀ ಮಳೆಯಾಗಿ ನವಿಲುತೀರ್ಥದಿಂದ ನೀರು ಬಿಡಬೇಕಾಯಿತು. ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳವೂ ಉಕ್ಕಿ ಬಂತು. ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ನೀರು ನುಗ್ಗಿತು. ವರ್ಷಗಟ್ಟಲೆ ಖಾಲಿ ಬಿದ್ದು ಮುಳ್ಳುಕಂಟಿ ಬೆಳೆದು ನಿಂತಿದ್ದ ಆಸರೆ ಮನೆಗಳಿಗೆ ಈ ಸಲ ಜನ ತಾವಾಗಿಯೇ ಹೋದರು. ಒಂದು ನೆರೆಯನ್ನು ನೂರು ವರ್ಷಕ್ಕೊಮ್ಮೆ ಬರುವುದೆಂದು ಸಹಿಸಬಹುದು; ಎರಡನೆಯದು ಆ ನಂಬಿಕೆಯನ್ನು ಕಿತ್ತುಹಾಕಿತು. ಈ ಬಾರಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಸರ್ಕಾರ ಕಂತುಗಳಲ್ಲಿ ಕೊಟ್ಟಿತು. ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳಲು ಅವಕಾಶವಿದ್ದುದರಿಂದ ಹಳೇ ಊರಿನಲ್ಲೂ ಸಿಮೆಂಟಿನ ಮನೆಗಳು ಎದ್ದವು.

ಪೂರ್ತಿ ಹೊರಡದೆ, ಪೂರ್ತಿ ಉಳಿಯದೆ ಎರಡೂ ಕಡೆ ಬಾಳುವುದು ಈಗ ಹಲವು ಕುಟುಂಬಗಳು ಕಂಡುಕೊಂಡ ದಾರಿ. ಮಕ್ಕಳು, ಕಾಳುಕಡಿ ಮೇಲೆ. ದನಕರು, ಹೊಟ್ಟುಮೇವು ಕೆಳಗೆ. ಕೆಲವರು ಬಿದ್ದ ಮನೆಯ ಜಂತಿ, ಚೌಕಟ್ಟುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ಹೊಸ ಮನೆಯ ಪಕ್ಕ ಕೊಟ್ಟಿಗೆ ಕಟ್ಟಿಕೊಂಡಿದ್ದಾರೆ. ಆದರೆ ಒಂದೇ ಮನೆ ನಂಬರಿನಡಿ ಇಬ್ಬರು ಮೂವರು ಅಣ್ಣತಮ್ಮಂದಿರು ಬಾಳುತ್ತಿದ್ದ ಕಡೆ ಸಿಕ್ಕಿದ್ದು ಒಂದೇ ಮನೆ. ಅದನ್ನು ಒಬ್ಬ ತಮ್ಮನಿಗೆ ಬಿಟ್ಟುಕೊಟ್ಟರೆ ಉಳಿದವರು ಹೊಳೆದಂಡೆಯ ಹಳೇ ಗೋಡೆಗಳ ನಡುವೆಯೇ ಇರಬೇಕಾಗುತ್ತದೆ.