ಚಾವಣಿ ಸೌರವಿದ್ಯುತ್ ಘಟಕದ ವೆಚ್ಚ ವಸೂಲಿ ಅವಧಿ

ವೆಚ್ಚ ವಸೂಲಿ ಅವಧಿ ಎಂದರೆ ಮನೆಯ ಚಾವಣಿಯ ಸೌರವಿದ್ಯುತ್ ಘಟಕಕ್ಕೆ ಹೂಡಿದ ಹಣವು ವಿದ್ಯುತ್ ಬಿಲ್ಲಿನ ಉಳಿತಾಯದ ರೂಪದಲ್ಲಿ ಮರಳಿ ಬರಲು ತಗಲುವ ಕಾಲ. ಸಹಾಯಧನ ಕಳೆದು ಉಳಿಯುವ ವೆಚ್ಚವನ್ನು ವಾರ್ಷಿಕ ಉಳಿತಾಯದಿಂದ ಭಾಗಿಸಿ ಇದನ್ನು ಲೆಕ್ಕ ಹಾಕಲಾಗುತ್ತದೆ. ಭಾರತದಲ್ಲಿ 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯು 1 ಕಿಲೋವ್ಯಾಟ್ ಘಟಕಕ್ಕೆ ₹30,000, 2 ಕಿಲೋವ್ಯಾಟ್‌ಗೆ ₹60,000 ಹಾಗೂ 3 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನ ಸಾಮರ್ಥ್ಯಕ್ಕೆ ₹78,000 ಸಹಾಯಧನ ನಿಗದಿಪಡಿಸಿತು.

ಕರ್ನಾಟಕದಲ್ಲಿ 1 ಕಿಲೋವ್ಯಾಟ್ ಘಟಕವು ದಿನಕ್ಕೆ ಸರಾಸರಿ ಸುಮಾರು 4 ಯೂನಿಟ್ ವಿದ್ಯುತ್ ಉತ್ಪಾದಿಸುತ್ತದೆ. ಆದರೆ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ಅರ್ಹ ಮನೆಗಳಿಗೆ ತಿಂಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತವಾದ ಕಾರಣ, ಶೂನ್ಯ ಬಿಲ್ಲಿನ ಮನೆಗಳಲ್ಲಿ ಉಳಿತಾಯಕ್ಕೆ ಆಸ್ಪದ ಕಡಿಮೆ. ಬಳಕೆ ಹೆಚ್ಚಿರುವ, ಪೂರ್ಣ ಬಿಲ್ಲು ಪಾವತಿಸುವ ಮನೆಗಳಲ್ಲಿ ಹೂಡಿಕೆಯು ಬೇಗನೆ ವಸೂಲಾಗುತ್ತದೆ.