ಮುಷ್ಕರ ಸೋತಿತು, ಮತ ಗೆದ್ದಿತು

ಸಯನ್‌ನಲ್ಲಿರುವ ನಮಗೆ ಲೋಕಲ್ ರೈಲೇ ಗಡಿಯಾರ. ಅದನ್ನು ಓಡಿಸುವವರ ಇತಿಹಾಸ ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅದರಲ್ಲಿ ನಮ್ಮ ಮಂಗಳೂರಿನವರೊಬ್ಬರ ಪಾತ್ರ ದೊಡ್ಡದು.

ಮುಂಬಯಿಯ ಟ್ಯಾಕ್ಸಿ ಚಾಲಕರು, ನಗರಪಾಲಿಕೆ ನೌಕರರನ್ನು ಸಂಘಟಿಸಿದ್ದ ಜಾರ್ಜ್ ಫೆರ್ನಾಂಡಿಸ್ 1967ರ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಿಂದ ರೈಲ್ವೆ ಮಂತ್ರಿ ಎಸ್. ಕೆ. ಪಾಟೀಲರನ್ನೇ ಸೋಲಿಸಿದರು. ಏಳು ವರ್ಷಗಳ ಬಳಿಕ ಅವರು ಅಖಿಲ ಭಾರತ ರೈಲ್ವೆ ಕಾರ್ಮಿಕರ ಫೆಡರೇಷನ್ನಿನ ಅಧ್ಯಕ್ಷರಾಗಿದ್ದರು. 1965ರ ಬೋನಸ್ ಕಾಯ್ದೆ ಕಾರ್ಖಾನೆ ಕೆಲಸಗಾರರಿಗೆ ಅನ್ವಯಿಸುತ್ತಿತ್ತು, ರೈಲ್ವೆಯವರಿಗೆ ಇಲ್ಲ. ಬೋನಸ್, ಎಂಜಿನ್ ಸಿಬ್ಬಂದಿಗೆ ಎಂಟು ಗಂಟೆಯ ದುಡಿಮೆ ಮುಖ್ಯ ಬೇಡಿಕೆಗಳಾಗಿದ್ದವು.

1974ರ ಮೇ 8ರಂದು ಮುಷ್ಕರ ಆರಂಭವಾಯಿತು. ಜಾರ್ಜ್ ಅದಕ್ಕೂ ಮೊದಲೇ, ಮೇ 2ರಂದು ಬಂಧಿತರಾಗಿದ್ದರು. ಮುಂಬಯಿಯಲ್ಲಿ ಟ್ಯಾಕ್ಸಿಯವರೂ ವಿದ್ಯುತ್ ನೌಕರರೂ ಬೆಂಬಲಕ್ಕೆ ನಿಂತರು. ಸರಕಾರ ಸಾವಿರಾರು ಮಂದಿಯನ್ನು ಜೈಲಿಗೆ ತಳ್ಳಿತು, ಕ್ವಾರ್ಟರ್ಸ್‌ಗಳಿಂದ ಕುಟುಂಬಗಳನ್ನು ಹೊರಹಾಕಿತು. ಮೇ 27ರಂದು ಬೇಡಿಕೆ ಈಡೇರದೆಯೇ ಮುಷ್ಕರ ಮುಗಿಯಿತು.

ಮರುವರ್ಷ ತುರ್ತುಪರಿಸ್ಥಿತಿ ಬಂತು. ಆದರೆ 1977ರಲ್ಲಿ ಮತದಾರರು ಉತ್ತರ ಕೊಟ್ಟರು. ಮುಂಬಯಿಯ 6 ಲೋಕಸಭಾ ಸ್ಥಾನಗಳಲ್ಲೂ ಕಾಂಗ್ರೆಸ್ ಸೋತಿತು. ಜೈಲಿನಲ್ಲಿದ್ದ ಜಾರ್ಜ್, ಬಿಹಾರದ ಮುಜಫ್ಫರ್‌ಪುರದಿಂದ 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ರೈಲ್ವೆ ನೌಕರರಿಗೆ ಬೋನಸ್ ದಕ್ಕಿದ್ದು 1979ರಲ್ಲಿ.

ಇಪ್ಪತ್ತು ದಿನದ ಮುಷ್ಕರ ಕೊಡಿಸಲಾಗದ್ದನ್ನು ಮತಪೆಟ್ಟಿಗೆ ಕೊಡಿಸಿತು ಎಂದರೆ ಅರ್ಧಸತ್ಯ. ಮುಷ್ಕರವಿಲ್ಲದಿದ್ದರೆ ಆ ಬೇಡಿಕೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಸಂಘ ಮತ್ತು ಮತ, ಎರಡೂ ಬೇಕು. ನನ್ನಂಥ ಅನೇಕರಿಗೆ ದುಡಿಮೆ ಇಲ್ಲಿ, ಮತ ಊರಿನ ಪಟ್ಟಿಯಲ್ಲಿ, ಸಂಘವಂತೂ ಎಲ್ಲೂ ಇಲ್ಲ. ನಾಳೆ ನಮ್ಮ ಕೆಲಸಕ್ಕೆ ಕುತ್ತು ಬಂದರೆ ಯಾರ ಬಾಗಿಲು ತಟ್ಟುವುದು?