ಶಿರಾ: ಉತ್ತರ ಸೀಮೆಯ ಮರೆತ ರಾಜಧಾನಿ

ತುಮಕೂರಿನಿಂದ ಪುಣೆ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು 50 ಕಿ.ಮೀ. ಸಾಗಿದರೆ ಶಿರಾ. ಗುಬ್ಬಿಯ ತೆಂಗು, ಅಡಿಕೆ ತೋಟಗಳನ್ನೂ ಕುಣಿಗಲ್‌ನ ವಿಶಾಲ ಕೆರೆಯನ್ನೂ ಕಂಡ ಕಣ್ಣಿಗೆ ಅದು ಮಳೆ ಕಡಿಮೆ ಬೀಳುವ ಬಯಲಿನ ಪುಟ್ಟ ನಗರವಾಗಿ ತೋರುತ್ತದೆ. ಚಿತ್ರದುರ್ಗದ ಬಸ್ಸು ಹಿಡಿದವರು ಅದನ್ನು ದಾಟಿಹೋಗುವುದೇ ಹೆಚ್ಚು. ಆದರೆ ಒಂದು ಕಾಲದಲ್ಲಿ ಬಸವಾಪಟ್ಟಣದಿಂದ ಕೋಲಾರದವರೆಗಿನ ನಾಡಿನ ಆಡಳಿತ ನಡೆದದ್ದು ಈ ಊರಿನಿಂದಲೇ.

ಶಿರಾದ ಕೋಟೆಗೆ ಅಡಿಪಾಯ ಹಾಕಿದವನು ರತ್ನಗಿರಿಯ ಪಾಳೆಯಗಾರ ರಂಗಪ್ಪ ನಾಯಕ. ಹದಿನೇಳನೆಯ ಶತಮಾನದ ಮೊದಲರ್ಧದಲ್ಲಿ ಬಿಜಾಪುರದ ದಂಡನಾಯಕ ರಣದುಲ್ಲಾ ಖಾನ್ ಅದನ್ನು ಗೆದ್ದುಕೊಂಡನು. ಆ ಕಾಲದ ಅಧಿಕಾರಿ ಮಲಿಕ್ ರಿಹಾನ್‌ರ ಸಮಾಧಿ 1651ರದು. 1686ರಲ್ಲಿ ಬಿಜಾಪುರ ಪತನಗೊಂಡಿತು. ಮರುವರ್ಷವೇ ಮೊಘಲರು ಶಿರಾವನ್ನು ಸುಬೆಯ ರಾಜಧಾನಿಯಾಗಿಸಿ ಖಾಸಿಂ ಖಾನ್‌ನನ್ನು ಫೌಜುದಾರನಾಗಿ ನೇಮಿಸಿದರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ಕೋಲಾರ ಎಂಬ ಏಳು ಪರಗಣಗಳು ಅದರ ಅಧೀನದಲ್ಲಿದ್ದವು. ಕಲ್ಲಿನ ಜಾಮಿಯಾ ಮಸೀದಿ 1696ರಲ್ಲಿ ಎದ್ದು ನಿಂತಿತು.

ದಿಲಾವರ್ ಖಾನ್‌ನ ಆಳ್ವಿಕೆಯಲ್ಲಿ ನಗರದ ವೈಭವ ತುತ್ತತುದಿಗೇರಿತು. ಆಗ ಅಲ್ಲಿ 50,000 ಮನೆಗಳಿದ್ದವೆಂದೂ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಅವನ ಅರಮನೆಯೇ ಮಾದರಿಯಾಯಿತೆಂದೂ ಹಳೆಯ ಗೆಜೆಟಿಯರ್ ದಾಖಲಿಸುತ್ತದೆ.

1757ರಲ್ಲಿ ಶಿರಾ ಮರಾಠರ ವಶವಾಯಿತು. ಆ ಬಳಿಕ ನಗರ ಕೈಯಿಂದ ಕೈಗೆ ಬದಲಾಗುತ್ತಲೇ ಹೋಯಿತು. 1761ರಲ್ಲಿ ಹೈದರ್ ಅಲಿ ಅದನ್ನು ಪಡೆದರು. ಅವರ ‘ನವಾಬ’ ಪದವಿ ಶಿರಾದ ಹೆಸರಿನಲ್ಲಿಯೇ ದೊರೆತದ್ದು. 1766ರಲ್ಲಿ ಅದು ಮತ್ತೆ ಮರಾಠರ ಪಾಲಾಯಿತು. 1774ರಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದರು.

ಇನ್ನು ಮುಂದಿನ ಮಾತನ್ನು ನಾವು ಸಾಮಾನ್ಯವಾಗಿ ಹೇಳುವುದಿಲ್ಲ. ಶ್ರೀರಂಗಪಟ್ಟಣದ ಬಳಿ ಕಟ್ಟಿದ ಹೊಸ ಪೇಟೆ ಗಂಜಾಮ್‌ಗೆ ಜನ ಬೇಕಾಗಿ, ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಲಾಯಿತೆಂದು ಅದೇ ಗೆಜೆಟಿಯರ್ ಹೇಳುತ್ತದೆ. ಬರೆದವರು ಟಿಪ್ಪುವನ್ನು ಸೋಲಿಸಿದವರ ಆಡಳಿತದವರು. ಆದ್ದರಿಂದ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಆದರೆ ಶಿರಾದ ವೈಭವವನ್ನು ಹೊಗಳಲು ಅದೇ ಪುಸ್ತಕದ 50,000ವನ್ನು ಉಲ್ಲೇಖಿಸಿ, ಅದರ 12,000ವನ್ನು ಮರೆಮಾಚುವುದು ನ್ಯಾಯವಲ್ಲ. ಸ್ವತಃ ನಮಗೇ ವಿರುದ್ಧವಾಗಿದ್ದರೂ ಸತ್ಯಕ್ಕೆ ಸಾಕ್ಷಿಗಳಾಗಿರಿ ಎಂಬುದು ಕುರ್‌ಆನಿನ ಬೋಧನೆ. ಬ್ರಿಟಿಷರ ವಿರುದ್ಧ ಹೋರಾಡಿ 1799ರಲ್ಲಿ ಪ್ರಾಣ ತೆತ್ತ ಟಿಪ್ಪುವಿನ ಧೈರ್ಯವನ್ನು ಒಪ್ಪುವವರು, ಮನೆ ತೊರೆದು ಗಂಜಾಮ್‌ಗೆ ನಡೆದ ಕುಟುಂಬಗಳ ನೋವನ್ನೂ ಒಪ್ಪಬಲ್ಲರು.

ಅರಮನೆ ಅಳಿಯಿತು, ಸುಬೆಯೂ ಅಳಿಯಿತು. ಜಾಮಿಯಾ ಮಸೀದಿಯೂ ಮಲಿಕ್ ರಿಹಾನ್‌ರ ಸಮಾಧಿಯೂ ಇಂದಿಗೂ ನಿಂತಿವೆ. ತುಮಕೂರು, ಗುಬ್ಬಿ, ಕುಣಿಗಲ್‌ನ ಕುಟುಂಬಗಳು ಒಂದು ರಜಾದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ಕಟ್ಟಿದವರ ಹೆಸರಿನೊಂದಿಗೆ, ಊರು ಬಿಟ್ಟು ಹೋಗಬೇಕಾದವರ ಕಥೆಯನ್ನೂ ಅವರಿಗೆ ಹೇಳಲಿ.